ಊರ ನಡುವಿನ ಹುಡೇವು

ಗದಗಿನಿಂದ ರೋಣದ ದಾರಿ ಹಿಡಿದು, ಅಲ್ಲಿಂದ ಗಜೇಂದ್ರಗಡಕ್ಕೋ ನರಗುಂದಕ್ಕೋ ಹೊರಟಿದ್ದೀರಿ ಎಂದಿಟ್ಟುಕೊಳ್ಳಿ. ಗಜೇಂದ್ರಗಡದ ಕಡೆಗೆ ಹೋದರೆ ಕಾಲಕಾಲೇಶ್ವರನ ಗುಡ್ಡದ ಸಾಲೂ ಕೋಟೆಯ ಗೋಡೆಯೂ ದೂರದಿಂದಲೇ ಕಣ್ಣಿಗೆ ಬೀಳುತ್ತವೆ. ಈಚಿನ ವರ್ಷಗಳಲ್ಲಿ ಅವುಗಳ ಜೊತೆಗೆ ಗಾಳಿಯಂತ್ರದ ಬಿಳಿಯ ಕಂಬಗಳೂ ನಿಂತಿವೆ. ನರಗುಂದದ ಕಡೆಗೆ ಹೋದರೆ ಎರಿಭೂಮಿಯ ಬಯಲಿನಲ್ಲಿ ಒಂಟಿಯಾಗಿ ಎದ್ದು ನಿಂತ ಗುಡ್ಡ ನಿಮ್ಮ ಜೊತೆಯಲ್ಲಿಯೇ ಬರುತ್ತದೆ. ಇವೆರಡನ್ನೂ ನೋಡದೆ ಯಾರೂ ಮುಂದೆ ಹೋಗಲಾರರು. ಆದರೆ ನಡುವೆ ದಾಟಿ ಹೋಗುವ ಹಳ್ಳಿಗಳಲ್ಲಿ, ಹಂಚಿನ ಮಾಡು, ಮೇಲ್ಮುದ್ದೆಯ ಮಾಳಿಗೆ, ನೀರಿನ ಟಾಕಿ ಇವುಗಳ ನಡುವೆ ಮಣ್ಣು ಬಣ್ಣದ ದುಂಡನೆಯ ಗೋಪುರವೊಂದು ಅರ್ಧ ಕುಸಿದು ನಿಂತಿರುವುದನ್ನು ನೀವು ಗಮನಿಸಿದ್ದೀರಾ? ಬಹುಮಟ್ಟಿಗೆ ಇಲ್ಲ. ಗಮನಿಸಿದ್ದರೂ ಹಳೆಯ ಗೋಡೆಯ ಗುಪ್ಪೆ ಎಂದು ಬಿಟ್ಟಿರುತ್ತೀರಿ. ಊರಿನವರನ್ನು ಕೇಳಿದ್ದರೆ ಅವರು ಒಂದೇ ಮಾತಿನಲ್ಲಿ ಹೇಳುತ್ತಿದ್ದರು: ಅದು ಹುಡೇವು.

ಈ ಲೇಖನ ಆ ಹುಡೇವಿನ ಬಗ್ಗೆ. ಕೋಟೆಗಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಕೋಟೆಗೆ ಕಟ್ಟಿಸಿದವನ ಹೆಸರಿದೆ, ಗೆದ್ದವನ ಹೆಸರಿದೆ, ಸೋತವನ ಹೆಸರಿದೆ. ಹುಡೇವಿಗೆ ಇದಾವುದೂ ಇಲ್ಲ. ಯಾವ ಅರಸನೂ ಅದರ ಮೇಲೆ ಶಾಸನ ಕೊರೆಸಲಿಲ್ಲ. ತೆರೆಯ ಮೇಲೆ ತೋರಿಸಲು ಅದು ಅಷ್ಟು ಚೆಂದದ ವಸ್ತುವೂ ಅಲ್ಲ. ಆದರೂ ನಮ್ಮ ಸೀಮೆಯ ಸಾಮಾನ್ಯ ಒಕ್ಕಲುಮಗ ಇನ್ನೂರು ಮುನ್ನೂರು ವರ್ಷಗಳ ಹಿಂದೆ ಯಾವುದಕ್ಕೆ ಹೆದರುತ್ತಿದ್ದ, ಆ ಹೆದರಿಕೆಗೆ ಏನು ಉಪಾಯ ಮಾಡಿಕೊಂಡ ಎಂಬುದನ್ನು ಗುಡ್ಡದ ಮೇಲಿನ ಕೋಟೆಗಿಂತ ಊರ ನಡುವಿನ ಈ ಮಣ್ಣಿನ ಗೋಪುರವೇ ಹೆಚ್ಚು ಸ್ಪಷ್ಟವಾಗಿ ಹೇಳುತ್ತದೆ.

ಮೊದಲು ಹೆಸರಿನ ವಿಚಾರ. ಗ್ರಂಥದ ಕನ್ನಡದಲ್ಲಿ ಕೊತ್ತಳ ಎನ್ನುವುದನ್ನು ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಹುಡೇ ಅಥವಾ ಹುಡೇವು ಎನ್ನುತ್ತಾರೆ. ಬುರುಜು ಎಂಬ ಅರಬ್ಬಿ ಮೂಲದ ಮಾತೂ ಬಳಕೆಯಲ್ಲಿದೆ. ಕೋಟೆಯ ಗೋಡೆಗೆ ಅಂಟಿಕೊಂಡು ಹೊರಗೆ ಉಬ್ಬಿದ ದುಂಡು ಭಾಗಕ್ಕೂ ಹುಡೇವು ಎನ್ನುವುದುಂಟು, ಯಾವ ಗೋಡೆಗೂ ಅಂಟದೆ ಒಂಟಿಯಾಗಿ ನಿಂತ ಗೋಪುರಕ್ಕೂ ಎನ್ನುವುದುಂಟು. ಮನೆತನದ ಹೆಸರುಗಳಲ್ಲಿಯೂ ಈ ಮಾತು ಉಳಿದಿದೆ. ನಿಮ್ಮ ಊರಿನ ಮತದಾರರ ಪಟ್ಟಿಯನ್ನು ಒಮ್ಮೆ ಈ ಕಣ್ಣಿನಿಂದ ಓದಿ ನೋಡಿ. ಹುಡೇದ, ಅಗಸಿಮನಿ, ಕಿಲ್ಲೇದಾರ, ತಳವಾರ, ವಾಲೀಕಾರ, ಕಟ್ಟೀಮನಿ: ಊರ ಕಾವಲಿನ ವ್ಯವಸ್ಥೆಯೇ ಅಡ್ಡಹೆಸರುಗಳಾಗಿ ಅಲ್ಲಿ ಸಾಲುಗಟ್ಟಿ ಕೂತಿರುತ್ತದೆ. ಗೋಪುರ ಬಿದ್ದು ಹೋದ ಊರಿನಲ್ಲಿಯೂ ಹೆಸರು ಬಿದ್ದು ಹೋಗಿರುವುದಿಲ್ಲ.

ಒಂಟಿ ಹುಡೇವುಗಳಲ್ಲಿ ನಮ್ಮ ನಾಡಿನಲ್ಲಿ ಎಲ್ಲಕ್ಕಿಂತ ಹೆಸರಾದದ್ದು ವಿಜಾಪುರದ ಉಪ್ಪಲಿ ಬುರುಜು. ಆದಿಲಶಾಹಿಯ ಹೈದರಖಾನನೆಂಬ ಸರದಾರ 1584ರ ಸುಮಾರಿಗೆ ಕಟ್ಟಿಸಿದ ಇದರ ಎತ್ತರ ಸುಮಾರು 80 ಅಡಿ. ಹೊರಮೈಗೆ ಸುತ್ತಿಕೊಂಡು ಮೆಟ್ಟಿಲುಗಳು ಮೇಲೇರುತ್ತವೆ, ತುದಿಯಲ್ಲಿ ಉದ್ದನೆಯ ತೋಪುಗಳಿವೆ. ಅದು ರಾಜಧಾನಿಯ ವೈಭವ. ಹಳ್ಳಿಯ ಹುಡೇವು ಅದರ ಬಡ ಸಂಬಂಧಿ. ಪೂರ್ತಿ ಉಳಿದದ್ದು ಎರಡು ಮೂರು ಅಂತಸ್ತಿನ ಮನೆಯಷ್ಟು ಎತ್ತರವಿದ್ದೀತು. ಬುಡ ಅಗಲ, ಮೇಲೆ ಹೋದಂತೆ ತುಸು ಕಿರಿದು. ಕೆಳಗೆ ಕಾಡುಗಲ್ಲಿನ ಹೊರಗೋಡೆ, ಒಳಗೆಲ್ಲ ಮಣ್ಣು ತುಂಬಿ ದಮ್ಮಸು ಮಾಡಿದ ಗಟ್ಟಿ ಗುಡ್ಡೆ. ಕೆಲವು ಊರುಗಳಲ್ಲಿ ಅರ್ಧದ ಮೇಲೆ ಕಲ್ಲು ಬಿಟ್ಟು ಬರಿಯ ಮಣ್ಣಿನಲ್ಲಿಯೇ ಎತ್ತಿರುತ್ತಾರೆ. ಮೇಲೇರಲು ಇಕ್ಕಟ್ಟಾದ ಮೆಟ್ಟಿಲು ಅಥವಾ ಏಣಿ. ತಲೆಯ ಮೇಲೆ ಎದೆಮಟ್ಟದ ಗೋಡೆ, ಅದರಲ್ಲಿ ಬಂದೂಕಿನ ಕಿಂಡಿಗಳು. ಕಿಂಡಿ ಒಳಗೆ ಅಗಲವಾಗಿ ಹೊರಗೆ ಕಿರಿದಾಗಿರುತ್ತದೆ. ಒಳಗಿನವನು ಬಂದೂಕಿನ ನಳಿಗೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸಬಹುದು, ಹೊರಗಿನವನಿಗೆ ಗುರಿಯಿಡಲು ಸಿಗುವುದು ಒಂದು ಗೇಣಿನ ಕಪ್ಪು ತೂತು ಮಾತ್ರ.

ಗುಡ್ಡ ಇದ್ದವರಿಗೆ ಕೋಟೆ, ಗುಡ್ಡ ಇಲ್ಲದವರಿಗೆ ಹುಡೇವು. ನರಗುಂದ, ರೋಣ ತಾಲೂಕುಗಳ ಬಹುಭಾಗ ಎರಿಭೂಮಿ. ಬೆಣ್ಣೆಹಳ್ಳ ಮಲಪ್ರಭೆಯನ್ನು ಕೂಡುವವರೆಗೆ ನೆಲ ಅಂಗೈಯಂತೆ ಹರಡಿಕೊಂಡಿದೆ. ಇಂಥ ಬಯಲಿನಲ್ಲಿ ಎತ್ತರದ ಬೆಲೆ ಏನೆಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಭೂಮಿ ದುಂಡಾಗಿರುವುದರಿಂದ ಸಪಾಟು ನೆಲದ ಮೇಲೆ ನಿಂತವನಿಗೆ ದಿಗಂತ ಕಾಣುವುದು ಸುಮಾರು ನಾಲ್ಕೂವರೆ ಕಿಲೊಮೀಟರಿನವರೆಗೆ, ಅಂದರೆ ಹಳೆಯ ಲೆಕ್ಕದಲ್ಲಿ ಒಂದು ಹರದಾರಿಯೂ ಆಗುವುದಿಲ್ಲ. ಅದೇ ಮನುಷ್ಯನ ಕಣ್ಣನ್ನು 10 ಮೀಟರ್ ಎತ್ತರಕ್ಕೆ ಏರಿಸಿದರೆ ದಿಗಂತ 11 ಕಿಲೊಮೀಟರಿಗೆ ಸರಿಯುತ್ತದೆ. ಹೊಲದಲ್ಲಿ ಆಳೆತ್ತರದ ಜೋಳ ನಿಂತ ಕಾಲಕ್ಕೆ ಕೆಳಗಿನವನಿಗೆ ಆ ಒಂದು ಹರದಾರಿಯೂ ದಕ್ಕುವುದಿಲ್ಲ. ಕುದುರೆಗಳ ಗುಂಪು ಬರುವಾಗ ಮೊದಲು ಕಾಣುವುದು ಕುದುರೆಯಲ್ಲ, ಧೂಳು. ಹುಡೇವಿನ ಮೇಲಿದ್ದವನಿಗೆ ಆ ಧೂಳು ಕಂಡ ಗಳಿಗೆಯಿಂದ ಸವಾರರು ಅಗಸಿಗೆ ಬಂದು ಮುಟ್ಟುವ ತನಕ ಹೆಚ್ಚೆಂದರೆ ಒಂದು ತಾಸು. ದನಗಳನ್ನು ಅಗಸಿಯೊಳಗೆ ಹೊಡೆದುಕೊಳ್ಳಲು, ಹೆಂಗಸರು ಮಕ್ಕಳನ್ನು ಒಳಗೆ ಸೇರಿಸಲು, ಬಾಗಿಲಿಗೆ ಅಗುಳಿ ಹಾಕಲು ಒಂದು ತಾಸು ಸಾಕು. ನೆಲದ ಮೇಲೆ ನಿಂತು ಕಾಯ್ದಿದ್ದರೆ ಅದರ ಅರ್ಧವೂ ಸಿಗುತ್ತಿರಲಿಲ್ಲ.

ಇನ್ನೊಂದು ಸಂಗತಿ. ಈ ಹೆದರಿಕೆಗೂ ಒಂದು ಹಂಗಾಮು ಇತ್ತು. ಮಳೆಗಾಲದಲ್ಲಿ ಎರಿಮಣ್ಣು ಎಂಥದೆಂಬುದನ್ನು ಆ ಸೀಮೆಯಲ್ಲಿ ನಡೆದವರಿಗೆ ಹೇಳಬೇಕಾಗಿಲ್ಲ. ಕಾಲಿಟ್ಟರೆ ಮೊಣಕಾಲ ತನಕ ಹಿಡಿಯುತ್ತದೆ, ಕುದುರೆಯ ಗೊರಸಿಗೂ ಬಂಡಿಯ ಗಾಲಿಗೂ ಅಷ್ಟೆ. ಹಳ್ಳ ಬಂದರೆ ದಾರಿಯೇ ಬಂದ್. ಆದ್ದರಿಂದ ಸೈನ್ಯಗಳು ಕದಲುತ್ತಿದ್ದದ್ದು ದಸರೆಯ ಸೀಮೋಲ್ಲಂಘನ ಮುಗಿದ ಮೇಲೆ, ನದಿಗಳು ಇಳಿದು ನೆಲ ಬಿರಿದ ಮೇಲೆ. ಎರಿಭೂಮಿಯ ಒಕ್ಕಲುತನವಾದರೋ ಹಿಂಗಾರಿಯದು. ಜೋಳ, ಗೋದಿ, ಕಡಲೆ, ಕುಸುಬಿ ಎಲ್ಲ ದಸರೆಯ ಸುಮಾರಿಗೆ ಬಿತ್ತಿ ಶಿವರಾತ್ರಿಯ ಆಚೆ ಈಚೆ ಕಣ ಮಾಡುವಂಥವು. ಎಂದರೆ ಸವಾರರಿಗೆ ದಾರಿ ತೆರೆಯುವ ಹೊತ್ತಿಗೂ ಒಕ್ಕಲಿಗನ ವರ್ಷದ ಗಳಿಕೆ ಹೊಲದಲ್ಲಿ, ಕಣದಲ್ಲಿ ತೆರೆದು ಬಿದ್ದಿರುವ ಹೊತ್ತಿಗೂ ಸರಿಯಾಗಿ ಕೂಡಿ ಬರುತ್ತಿತ್ತು. ಕಣದ ರಾಶಿ ಮನೆಗೆ ಬಂದು ಹಗೇವಿಗೆ ಇಳಿಯುವ ತನಕ ಊರಿಗೆ ನಿದ್ದೆಯಿಲ್ಲ.

ಹಗೇವು ಎಂಬುದನ್ನು ಇಂದಿನ ಎಳೆಯರು ಕಂಡಿರಲಿಕ್ಕಿಲ್ಲ. ನೆಲದಡಿ ತೋಡಿದ ಕಾಳಿನ ಕಣಜ ಅದು. ಬಾಯಿ ಮನುಷ್ಯ ಇಳಿಯುವಷ್ಟು ಕಿರಿದು, ಒಳಹೊಟ್ಟೆ ಅಗಲ. ಸುತ್ತ ಹುಲ್ಲು ಕಣಿಕೆಯ ಹಾಸು ಕೊಟ್ಟು ಜೋಳ ತುಂಬಿ, ಮೇಲೆ ಹಾಸುಗಲ್ಲು ಮುಚ್ಚಿ, ಮಣ್ಣೆಳೆದು ಬಿಟ್ಟರೆ ವರ್ಷಗಟ್ಟಲೆ ಕಾಳು ಕೆಡದೆ ಇರುತ್ತಿತ್ತು. ತೆರೆದ ಕೂಡಲೇ ಯಾರೂ ಒಳಗಿಳಿಯುತ್ತಿರಲಿಲ್ಲ, ಕೆಟ್ಟ ಗಾಳಿ ಹೋಗುವ ತನಕ ಕಾಯುತ್ತಿದ್ದರು. ಹಗೇವು ಮತ್ತು ಹುಡೇವು ಎರಡನ್ನೂ ಒಟ್ಟಿಗೆ ನೋಡಬೇಕೆಂದು ನನ್ನ ಅಭಿಪ್ರಾಯ. ಒಂದು ನೆಲದೊಳಗೆ ಇಳಿದು ಕಾಳನ್ನು ಬಚ್ಚಿಡುತ್ತದೆ, ಇನ್ನೊಂದು ನೆಲದಿಂದ ಮೇಲೆದ್ದು ಅದನ್ನು ಕಾಯುತ್ತದೆ. ಎರಡರ ಹಿಂದಿನ ಬುದ್ಧಿ ಒಂದೇ.

ಮಣ್ಣಿನ ಗೋಪುರ ಸೈನ್ಯವನ್ನು ತಡೆದೀತೇ ಎಂದು ನೀವು ಕೇಳಬಹುದು. ದೊಡ್ಡ ಸೈನ್ಯವನ್ನು ತಡೆಯದು, ಅದಕ್ಕಾಗಿ ಕಟ್ಟಿದ್ದೂ ಅಲ್ಲ. ಹಳ್ಳಿಗೆ ನಿತ್ಯದ ಭಯ ಇದ್ದದ್ದು ತೋಪುಖಾನೆ ಎಳೆದುಕೊಂಡು ಬರುವ ಅರಸನಿಂದಲ್ಲ. ಸಂಬಳ ಸಿಗದೆ ಲೂಟಿಯ ಮೇಲೆ ಬದುಕುವ ಕುದುರೆ ಸವಾರರಿಂದ, ಪೆಂಢಾರಿಗಳಿಂದ, ಹುಲ್ಲುದಾಣಿಗೆಂದು ದಂಡಿನಿಂದ ಬಿಟ್ಟು ಬಂದ ತುಕಡಿಗಳಿಂದ. ಇವರ ಬಲವೆಲ್ಲ ವೇಗದಲ್ಲಿತ್ತು. ಇಂದು ಇಲ್ಲಿ, ನಾಳೆ ಇಪ್ಪತ್ತು ಹರದಾರಿ ಆಚೆ. ಒಂದು ಹಳ್ಳಿಯ ಮುಂದೆ ಕೂತು ಮುತ್ತಿಗೆ ಹಾಕಲು ಅವರಿಗೆ ಪುರಸೊತ್ತೂ ಇಲ್ಲ, ತೋಪೂ ಇಲ್ಲ. ಹುಡೇವಿನ ಮೇಲಿಂದ ನಾಲ್ಕು ಬಂದೂಕು ಒಂದು ದಿನ ಮಾತಾಡಿದರೆ ಅವರು ಮುಂದಿನ ಊರಿಗೆ ಹೋಗುತ್ತಿದ್ದರು. ಮುಂದಿನ ಊರಿನ ಗತಿ ಏನು ಎಂಬ ಪ್ರಶ್ನೆ ಬೇರೆ. ಆದ್ದರಿಂದಲೇ ಒಂದು ಊರು ಹುಡೇವು ಕಟ್ಟಿದರೆ ಪಕ್ಕದ ಊರೂ ಕಟ್ಟಲೇಬೇಕಾಗುತ್ತಿತ್ತು. ಇನ್ನು ಮಣ್ಣನ್ನು ಹಗುರವಾಗಿ ಕಾಣುವುದೂ ಸರಿಯಲ್ಲ. ಗುಂಡು ಬಿದ್ದರೆ ಕಲ್ಲು ಸಿಡಿಯುತ್ತದೆ, ಮಣ್ಣು ನುಂಗುತ್ತದೆ. 1805ರಲ್ಲಿ ಲಾರ್ಡ್ ಲೇಕ್‌ನಂಥ ಸೇನಾಪತಿ ಭರತಪುರದ ಮಣ್ಣಿನ ಕೋಟೆಯ ಮೇಲೆ ನಾಲ್ಕು ಸಲ ಏರಿ ಹೋಗಿ ನಾಲ್ಕು ಸಲವೂ ಹಿಂದಿರುಗಿದ.

ಊರಿನ ಮೇಲೆ ದಾಳಿ ಹೊಸದೇನೂ ಅಲ್ಲ. ನಮ್ಮ ವೀರಗಲ್ಲುಗಳನ್ನು ಓದಿದರೆ ತುರುಗೋಳು, ಊರಳಿವು, ಪೆಣ್ಬುಯ್ಯಲು ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ದನ ಹೊಡೆದುಕೊಂಡು ಹೋಗುವುದು, ಊರನ್ನು ಹಾಳುಗೆಡಹುವುದು, ಹೆಂಗಸರ ಮೇಲೆ ಕೈಮಾಡುವುದು. ಅದನ್ನು ತಡೆಯಲು ಹೋಗಿ ಸತ್ತವನು ಕಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಹೋರಾಡುತ್ತಾನೆ, ನಡುವಿನದರಲ್ಲಿ ಅಪ್ಸರೆಯರೊಡನೆ ಮೇಲೇರುತ್ತಾನೆ, ಮೇಲಿನದರಲ್ಲಿ ಶಿವನ ಸನ್ನಿಧಿಯಲ್ಲಿರುತ್ತಾನೆ. ಇದೇ ಸೀಮೆಯ ಸೂಡಿ 11ನೆಯ ಶತಮಾನದಲ್ಲಿ ಕಿಸುಕಾಡು ಎಪ್ಪತ್ತರ ಮುಖ್ಯ ಪಟ್ಟಣವಾಗಿತ್ತು. ಅದನ್ನು ಆಳಿದ ಚಾಲುಕ್ಯ ರಾಜಕುಮಾರಿ ಅಕ್ಕಾದೇವಿ ಗೋಕಾಗೆಯ, ಅಂದರೆ ಗೋಕಾಕದ ಕೋಟೆಗೆ ತಾನೇ ಮುತ್ತಿಗೆ ಹಾಕಿದವಳು. ಕೋಟೆ ಕಾಳಗಗಳು ಅಂದೂ ಇದ್ದವು. ಆದರೆ ಬಂದೂಕಿನ ಕಿಂಡಿಯುಳ್ಳ ಹುಡೇವು ಅಷ್ಟು ಹಳೆಯದಿರಲಾರದು. ಮದ್ದುಗುಂಡು ದಖ್ಖನದಲ್ಲಿ ಬಲವಾಗಿ ಬಳಕೆಗೆ ಬಂದದ್ದು 16ನೆಯ ಶತಮಾನದಲ್ಲಿ. ಬಂದೂಕು ಹಳ್ಳಿಯ ಕೈಗೆ ಇಳಿಯಲು ಇನ್ನೂ ಕಾಲ ಹಿಡಿಯಿತು.

ಅದು ಇಳಿದ ಕಾಲವೇ ಎಲ್ಲಕ್ಕಿಂತ ಕೆಟ್ಟ ಕಾಲ. 1686ರಲ್ಲಿ ಔರಂಗಜೇಬನಿಗೆ ವಿಜಾಪುರ ಬಿದ್ದ ಮೇಲೆ ಈ ಸೀಮೆಗೆ ಒಬ್ಬನೇ ಒಡೆಯ ಎಂಬುದು ಇಲ್ಲವಾಯಿತು. ಸವಣೂರಿನ ನವಾಬ, ಪೇಶ್ವೆ, ನಿಜಾಮ, ಹೈದರ, ಅವರ ಕೈಕೆಳಗೆ ನರಗುಂದದ ಭಾವೆ ಮನೆತನ, ಗಜೇಂದ್ರಗಡದ ಘೋರ್ಪಡೆ ಮನೆತನ, ಅವರ ಕೆಳಗೆ ದೇಸಾಯರು, ನಾಡಗೌಡರು. ಕಂದಾಯದ ಮೇಲೆ ಚೌಥಾಯಿ, ಸರದೇಶಮುಖಿ, ಕುದುರೆಗೆ ಹುಲ್ಲು ದಾಣಿ ಎಂಬ ಹೆಸರಿನಲ್ಲಿ ಘಾಸದಾಣಿ. ತೆರಿಗೆ ಕೊಟ್ಟರೆ ರಕ್ಷಣೆ ಸಿಗಬೇಕೆಂಬುದು ನ್ಯಾಯ. ಇಲ್ಲಿ ನಾಲ್ಕು ಮಂದಿಗೆ ಕೊಟ್ಟರೂ ಒಬ್ಬನಿಂದಲೂ ಸಿಗುತ್ತಿರಲಿಲ್ಲ.

ಕೊನೆಯ ಮೂವತ್ತು ಮೂವತ್ತೈದು ವರ್ಷಗಳನ್ನಷ್ಟೇ ನೋಡಿ. 1785ರಲ್ಲಿ ಟಿಪ್ಪುವಿನ ಸೈನ್ಯ ನರಗುಂದಕ್ಕೆ ಮುತ್ತಿಗೆ ಹಾಕಿ ಗೆದ್ದಿತು. 1786ರಲ್ಲಿ ಮರಾಠರೂ ನಿಜಾಮನೂ ಕೂಡಿ ಬಂದು ಬಾದಾಮಿಯನ್ನು ಹಿಡಿದು ಗಜೇಂದ್ರಗಡಕ್ಕೆ ನುಗ್ಗಿದರು. 1787ರ ಒಪ್ಪಂದ ಗಜೇಂದ್ರಗಡದ ಹೆಸರಿನಿಂದಲೇ ಇತಿಹಾಸದಲ್ಲಿದೆ. ಒಪ್ಪಂದವಾಗಿ ಮೂರು ವರ್ಷಕ್ಕೆ ಮತ್ತೆ ಯುದ್ಧ. ಪರಶುರಾಮಭಾವು ಪಟವರ್ಧನನ ದಂಡು 1790ರ ಮಳೆಗಾಲದ ಕೊನೆಯಿಂದ 1791ರ ಬೇಸಗೆಯವರೆಗೆ ಧಾರವಾಡದ ಕೋಟೆಯ ಮುಂದೆ ಕೂತಿತು. ಅಷ್ಟು ಜನ, ಅಷ್ಟು ಕುದುರೆ, ಅಷ್ಟು ಎತ್ತು ತಿಂದದ್ದು ಸುತ್ತಿನ ಹಳ್ಳಿಗಳ ಕಾಳು ಮೇವನ್ನೇ. ಅದರ ಬೆನ್ನಿಗೆ 1791-92ರ ಡೋಗಿ ಬರ. ಸತ್ತವರ ತಲೆಬುರುಡೆಗಳು ಹೊಲದಲ್ಲಿ ಬಿದ್ದಿದ್ದವೆಂದು ಜನ ಆ ಬರಕ್ಕೆ ಹಾಗೆ ಹೆಸರಿಟ್ಟರು. 1800ರಲ್ಲಿ ಧೋಂಡಿಯಾ ವಾಘ ತನ್ನ ಸವಾರರೊಡನೆ ಈ ಬಯಲನ್ನೆಲ್ಲ ತುಳಿದ. ಅವನ ಬೆನ್ನು ಹತ್ತಿ ಆರ್ಥರ್ ವೆಲ್ಲೆಸ್ಲಿ ಬಂದ. ಮುಂದೆ 1815ರಲ್ಲಿ ವಾಟರ್ಲೂ ರಣರಂಗದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್ ಈತನೇ. ಆ ವರ್ಷದ ಜುಲೈ ತಿಂಗಳಲ್ಲಿ ಆತ ಡಂಬಳದ ಕೋಟೆಯನ್ನು ಹತ್ತಿ ಹಿಡಿದ. ಧೋಂಡಿಯಾ ಸೆಪ್ಟೆಂಬರಿನಲ್ಲಿ ಸತ್ತ. ಪೆಂಢಾರಿಗಳ ಕಾಟ ಅದರ ನಂತರವೂ 1817-18ರವರೆಗೆ ನಡೆದೇ ಇತ್ತು. ಒಬ್ಬ ಒಕ್ಕಲಿಗ ತನ್ನ ಒಂದೇ ಜನ್ಮದಲ್ಲಿ ಇದೆಲ್ಲವನ್ನೂ ಕಂಡಿರಬಲ್ಲ. ಈಗ ಹೇಳಿ, ಅವನು ಊರ ನಡುವೆ ಗೋಪುರ ಕಟ್ಟಿದ್ದರಲ್ಲಿ ಆಶ್ಚರ್ಯವೇನಿದೆ?

ಕಟ್ಟಿದ ಮೇಲೆ ಕಾಯುವವರು ಬೇಕಲ್ಲ. ಹಳ್ಳಿಯ ತಳವಾರ, ವಾಲೀಕಾರರ ಜೊತೆಗೆ ಶೇತಸನದಿಗಳೆಂಬ ಒಂದು ವರ್ಗವಿತ್ತು. ಸನದಿನ ಮೇಲೆ ಹೊಲ ಪಡೆದು ಅದಕ್ಕೆ ಪ್ರತಿಯಾಗಿ ಆಯುಧ ಹಿಡಿದು ಕಾವಲು ಮಾಡುವವರು ಇವರು. ಬಿತ್ತುವ ದಿನ ಬಿತ್ತುವರು, ಕರೆ ಬಂದ ದಿನ ಬಂದೂಕು ಹಿಡಿಯುವರು. ಸಂಗೊಳ್ಳಿ ರಾಯಣ್ಣ ಕಿತ್ತೂರು ಸಂಸ್ಥಾನದ ಶೇತಸನದಿಯಾಗಿದ್ದ ಎಂಬುದನ್ನು ನೆನೆದರೆ ಆ ವರ್ಗದ ಕಸುವು ಎಂಥದೆಂಬುದು ತಿಳಿಯುತ್ತದೆ. ಈ ಕಸುವನ್ನು ಚೆನ್ನಾಗಿ ಅರ್ಥ ಮಾಡಿಕೊಂಡವನು ಥಾಮಸ್ ಮನ್ರೋ. 1817ರ ಕೊನೆಗೆ ಪೇಶ್ವೆ ಬಾಜೀರಾಯನೊಡನೆ ಯುದ್ಧ ಹತ್ತಿದಾಗ ಧಾರವಾಡದಲ್ಲಿದ್ದ ಮನ್ರೋವಿನ ಕೈಯಲ್ಲಿ ಹೇಳಿಕೊಳ್ಳುವಂಥ ಸೈನ್ಯವಿರಲಿಲ್ಲ. ಅವನು ಮಾಡಿದ್ದೇನೆಂದರೆ ಕೈಯಲ್ಲಿಲ್ಲದ ತಾಲೂಕುಗಳಿಗೆ ಅಮಲದಾರರನ್ನು ನೇಮಿಸಿದ. ರಾಮರಾವ ಎಂಬುವನನ್ನು ನವಲಗುಂದಕ್ಕೆ ನೇಮಿಸಿ ಐನೂರು ಜನ ಪೇದೆಗಳೊಡನೆ ಕಳಿಸಿದ. ಆ ಪೇದೆಗಳು ಇದೇ ನಾಡಿನವರು. ಹಳ್ಳಿಗಳು ಒಂದೊಂದಾಗಿ ಅವರ ಕಡೆ ಬಂದವು. 1818ರ ಜನವರಿಯಲ್ಲಿ ಗದಗ, ಡಂಬಳ, ಹುಬ್ಬಳ್ಳಿ, ಫೆಬ್ರುವರಿಯಲ್ಲಿ ಬಾದಾಮಿ ಅವನ ವಶವಾದವು. ಹಳ್ಳಿಯ ಗೋಪುರದ ಮೇಲಿನ ಮನುಷ್ಯ ಯಾರ ಕಡೆಗೆ ಬಂದೂಕು ತಿರುಗಿಸುತ್ತಾನೆಂಬುದರ ಮೇಲೆ ಒಂದು ರಾಜ್ಯದ ಭವಿಷ್ಯ ನಿಲ್ಲುವಂತಾಗಿತ್ತು.

ಇಲ್ಲಿ ಒಂದು ತೊಡಕಿನ ಪ್ರಶ್ನೆ ಏಳುತ್ತದೆ. ಹುಡೇವು ಯಾರನ್ನು ಯಾರಿಂದ ಕಾಯುತ್ತಿತ್ತು? ಇದೇ ಪ್ರಶ್ನೆ ದೂರದ ಗ್ರೀಸಿನಲ್ಲಿಯೂ ಎದ್ದಿದೆ. ಅಲ್ಲಿಯ ಏಜಿಯನ್ ಸಮುದ್ರದ ದ್ವೀಪಗಳ ಹೊಲ ಗದ್ದೆ ಗುಡ್ಡಗಳ ನಡುವೆ ಪ್ರಾಚೀನ ಕಲ್ಲಿನ ಗೋಪುರಗಳು ಒಂಟಿಯಾಗಿ ನಿಂತಿವೆ. ಬಹಳಷ್ಟು ಕ್ರಿಸ್ತಪೂರ್ವ 4 ಮತ್ತು 3ನೆಯ ಶತಮಾನಗಳವು. ಆಂಡ್ರೋಸ್ ದ್ವೀಪದ ದುಂಡು ಗೋಪುರ ಇಂದಿಗೂ ಸುಮಾರು 20 ಮೀಟರ್ ಎತ್ತರವಿದೆ. ಸಿಫ್ನೋಸ್ ಎಂಬ ಚಿಕ್ಕ ದ್ವೀಪವೊಂದರಲ್ಲಿಯೇ 70ಕ್ಕೂ ಹೆಚ್ಚು ಗೋಪುರಗಳ ಅವಶೇಷ ಸಿಕ್ಕಿವೆ. ಕಡಲುಗಳ್ಳರ ಭಯಕ್ಕೆ ಕಟ್ಟಿದವು ಎನ್ನುವವರುಂಟು, ಒಂದರಿಂದ ಒಂದಕ್ಕೆ ಬೆಂಕಿಯ ಸನ್ನೆ ಕೊಡಲು ಎನ್ನುವವರುಂಟು, ಸಿರಿವಂತ ಒಕ್ಕಲಿಗನ ತೋಟದ ಮನೆಗಳು ಎನ್ನುವವರುಂಟು. ಗಣಿಯಲ್ಲಿ, ಹೊಲದಲ್ಲಿ ದುಡಿಯುವ ಗುಲಾಮರು ಓಡಿ ಹೋಗದಂತೆ ಕೂಡಿ ಹಾಕಲು ಬಳಸಿದರು ಎಂಬ ವಾದವನ್ನೂ ವಿದ್ವಾಂಸರು ಮುಂದಿಟ್ಟಿದ್ದಾರೆ. ಗೋಪುರದ ಬಾಗಿಲು ಭದ್ರವಾಗಿರುವುದು ಹೊರಗಿನವನು ಒಳಗೆ ಬರದಿರಲೆಂದೋ ಒಳಗಿನವನು ಹೊರಗೆ ಹೋಗದಿರಲೆಂದೋ ಎಂಬುದು ಅಲ್ಲಿಯ ಚರ್ಚೆ.

ನಮ್ಮಲ್ಲಿ ಗುಲಾಮರ ಗಣಿಗಳಿರಲಿಲ್ಲ. ಆದರೆ ಹುಡೇವು ಎಲ್ಲಿ ನಿಂತಿದೆ ಎಂಬುದನ್ನು ನೋಡಿದರೆ ಇಲ್ಲಿಯೂ ಎರಡು ಬಗೆ ಕಾಣುತ್ತವೆ. ಒಂದು, ಅಗಸಿಯ ಪಕ್ಕದಲ್ಲಿಯೋ ಊರ ಗೋಡೆಯ ಮೂಲೆಯಲ್ಲಿಯೋ ನಿಂತದ್ದು. ಅದರ ಮುಖ ಹೊರಗಿನ ಬಯಲಿಗೆ. ಇನ್ನೊಂದು, ದೇಸಾಯರ ಇಲ್ಲವೆ ಗೌಡರ ವಾಡೆಗೆ ಅಂಟಿಕೊಂಡೋ ವಾಡೆಯ ಅಂಗಳದಲ್ಲಿಯೋ ನಿಂತದ್ದು. ಅದರ ಕಿಂಡಿಗಳು ಊರ ಓಣಿಗಳ ಮೇಲೂ ತೆರೆದಿರುತ್ತವೆ. ಮೊದಲನೆಯದು ಊರಿನ ಹುಡೇವು, ಎರಡನೆಯದು ಒಡೆಯನ ಹುಡೇವು. ಕಂದಾಯ ಎತ್ತುವ ದಿನ ವಾಡೆಯ ಮುಂದೆ ನಿಂತ ಒಕ್ಕಲಿಗ ತಲೆಯೆತ್ತಿ ನೋಡಿದರೆ ಅವನಿಗೆ ಆ ಕಿಂಡಿ ಕಾಣಬೇಕೆಂಬ ಉದ್ದೇಶ ಇದ್ದೀತು. ದಾಳಿ ಬಂದ ದಿನ ಇದೇ ವಾಡೆಯ ಬಾಗಿಲು ಊರವರಿಗೆ ತೆರೆದೂ ಇದ್ದೀತು. ಎರಡೂ ಮಾತು ನಿಜವಿರಬಲ್ಲವು. ಹುಡೇವನ್ನು ಹಳ್ಳಿಯ ಒಗ್ಗಟ್ಟಿನ ಗುರುತೆಂದು ಮಾತ್ರ ಹೊಗಳುವವರು ಎರಡನೆಯ ಬಗೆಯನ್ನು ಮರೆಯುತ್ತಾರೆ. ದಬ್ಬಾಳಿಕೆಯ ಗುರುತೆಂದು ಮಾತ್ರ ಹೇಳುವವರು ಕಣದ ರಾಶಿಯನ್ನು ಮರೆಯುತ್ತಾರೆ. ಮಣ್ಣು ಹೊತ್ತವರು ಮಾತ್ರ ಎರಡು ಬಗೆಯಲ್ಲಿಯೂ ಒಬ್ಬರೇ.

ಹೆಸರಿಲ್ಲದ ಗೋಪುರದ ಕಾಲ ತಿಳಿಯುವುದು ಹೇಗೆ? ಗೋಡೆಯ ಕಲ್ಲುಗಳನ್ನು ಒಂದೊಂದಾಗಿ ನೋಡಬೇಕು. ನಮ್ಮ ಹಿರಿಯರು ಕಲ್ಲಿನ ವಿಚಾರದಲ್ಲಿ ಭಾವುಕರಲ್ಲ. ಹತ್ತಿರದಲ್ಲಿ ಬಿದ್ದ ಗುಡಿಯ ಕಂಬದ ತುಂಡು, ಬಾಗಿಲವಾಡದ ತುಣುಕು, ಎಷ್ಟೋ ಸಲ ವೀರಗಲ್ಲನ್ನೇ ತಂದು ಗೋಡೆಗೆ ಸೇರಿಸಿಬಿಡುತ್ತಿದ್ದರು. 11ನೆಯ ಶತಮಾನದ ಕೆತ್ತನೆ ಗೋಡೆಯಲ್ಲಿದ್ದರೆ ಗೋಪುರ ಅಷ್ಟು ಹಳೆಯದು ಎಂದಲ್ಲ, ಆ ಗುಡಿ ಬಿದ್ದ ಮೇಲಿನದು ಎಂದು ತಿಳಿಯಬೇಕು. ದನ ಕಾಯಲು ಹೋಗಿ ಸತ್ತವನ ಕಲ್ಲು ಆರೇಳು ನೂರು ವರ್ಷದ ಮೇಲೆ ದನ ಕಾಯುವ ಗೋಪುರದ ಬುಡಕ್ಕೆ ಹೋಗಿ ಕೂತಿರುವುದು ಎಷ್ಟು ವಿಚಿತ್ರ! ಕಿಂಡಿ ಮೊದಲೇ ಕಟ್ಟಿದ್ದೋ ಆಮೇಲೆ ಒಡೆದು ಮಾಡಿದ್ದೋ, ಕಲ್ಲಿನ ವರಸೆ ಎಲ್ಲಿ ಬದಲಾಗುತ್ತದೆ, ಮೇಲಿನ ಮಣ್ಣು ಕೆಳಗಿನ ಮಣ್ಣಿನ ಬಣ್ಣದ್ದೇ ಅಲ್ಲವೇ ಎಂದು ನೋಡಿದರೆ ಎಷ್ಟು ಸಲ ಎತ್ತರಿಸಿದ್ದಾರೆಂಬುದೂ ತಿಳಿಯುತ್ತದೆ. ಭಯ ಹೆಚ್ಚಾದಾಗಲೆಲ್ಲ ಗೋಪುರ ಬೆಳೆದಿದೆ.

ಅದರ ಕೆಲಸ ಮುಗಿದದ್ದು ಎರಡು ಹಂತದಲ್ಲಿ. 1818ರ ನಂತರ ಪೆಂಢಾರಿಗಳಿಲ್ಲ, ಆದರೆ ಬಂದೂಕು ಹಳ್ಳಿಯಲ್ಲಿ ಉಳಿದಿತ್ತು. 1857ರಲ್ಲಿ ಇಂಗ್ಲಿಷ್ ಸರಕಾರ ಆಯುಧ ಒಪ್ಪಿಸುವ ಕಾಯದೆ ತಂದಿತು. ಆ ವರ್ಷದ ನವೆಂಬರಿನಲ್ಲಿ ಹಲಗಲಿಯ ಬೇಡರು ಆಯುಧ ಕೊಡೆವೆಂದು ತಿರುಗಿ ನಿಂತು ಪ್ರಾಣ ಕೊಟ್ಟರು. ಮುಂದಿನ ಬೇಸಗೆಯಲ್ಲಿ ಮುಂಡರಗಿಯ ಭೀಮರಾಯ, ಹಮ್ಮಿಗೆಯ ಕೆಂಚನಗೌಡ ಕೊಪ್ಪಳದ ಕೋಟೆಯಲ್ಲಿ ಮಡಿದರು. ನರಗುಂದದ ಬಾಬಾಸಾಹೇಬ ಭಾಸ್ಕರರಾವ ಭಾವೆ 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದ್ದ ರಾಜಕೀಯ ಏಜೆಂಟ್ ಮ್ಯಾನ್ಸನ್ನನನ್ನು ಕೊಂದ. ಮ್ಯಾನ್ಸನ್ನನ ತಲೆ ನರಗುಂದದ ಅಗಸಿಯ ಮೇಲೆ ತೂಗಿತು. ಕರ್ನಲ್ ಮಾಲ್ಕಮ್ ಜೂನ್ 1ರಂದು ಬಂದ, ಜೂನ್ 2ಕ್ಕೆ ಗುಡ್ಡದ ಕೋಟೆ ಅವನ ಕೈಯಲ್ಲಿತ್ತು. ಬಾಬಾಸಾಹೇಬನನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಕರ್ನಾಟಕದ ಅತ್ಯಂತ ಬಲವಾದ ಕೋಟೆಗಳಲ್ಲಿ ಒಂದೆನಿಸಿದ್ದ ಆ ಗುಡ್ಡ ತನ್ನ ಒಡೆಯನನ್ನು ಕಾಯ್ದದ್ದು ಒಂದು ದಿನ. ಹಳ್ಳಿಯ ಹುಡೇವಿನಿಂದ ಊರು ಕೇಳುತ್ತಿದ್ದದ್ದೂ ಅಷ್ಟೇ, ಒಂದು ದಿನ.

ಬಂದೂಕು ಹೋದ ಮೇಲೆ ಕಿಂಡಿಗೆ ಕೆಲಸವಿಲ್ಲ. 1880ರ ದಶಕದಲ್ಲಿ ಗದಗ-ಹೋಟಗಿ ರೈಲು ಹಾದಿ ಹೊಳೆ ಆಲೂರಿನ ಮೇಲೆ ಹಾಯ್ದ ಮೇಲೆ ಕಾಳು ಪೇಟೆಗೆ ಹೋಗಿ ರೊಕ್ಕವಾಗತೊಡಗಿತು, ಹಗೇವಿಗೂ ಕೆಲಸ ಕಡಿಮೆಯಾಯಿತು. 1950ರಲ್ಲಿ ಮುಂಬಯಿ ಸರಕಾರ ಪರಗಣಾ ಮತ್ತು ಕುಲಕರ್ಣಿ ವತನಗಳನ್ನು ರದ್ದು ಮಾಡಿತು, 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯದೆ ಉಳಿದದ್ದನ್ನೂ ಮುಗಿಸಿತು. ಗೋಪುರಕ್ಕೆ ವರ್ಷಕ್ಕೊಮ್ಮೆ ಮಣ್ಣು ಮೆತ್ತುವುದು ಯಾರ ಕೆಲಸ ಎಂಬುದನ್ನು ಹೇಳುವವರು ಇಲ್ಲವಾದರು.

ಈಗ ಅದು ಬೀಳುತ್ತಿದೆ. ಹೊರಗೋಡೆಯ ಕಲ್ಲು ಮನೆಯ ಪಾಯಕ್ಕೆ ಹೋಗುತ್ತದೆ. ಒಳಗಿನ ಹಾಳುಮಣ್ಣು ಗೋಡೆಗೂ ಹೊಲದ ಗೊಬ್ಬರಕ್ಕೂ ಹೋಗುತ್ತದೆ. ಇದಕ್ಕಾಗಿ ಊರವರನ್ನು ಬಯ್ಯುವುದು ತರವಲ್ಲ. ವೀರಗಲ್ಲು ಕಿತ್ತು ಹುಡೇವು ಕಟ್ಟಿದವರ ಮೊಮ್ಮಕ್ಕಳು ಹುಡೇವು ಕಿತ್ತು ಮನೆ ಕಟ್ಟುತ್ತಿದ್ದಾರೆ, ಅಷ್ಟೆ. ಆದರೆ ಒಂದು ವ್ಯತ್ಯಾಸವಿದೆ. ವೀರಗಲ್ಲು ಹುಡೇವಿನ ಗೋಡೆಯಲ್ಲಿ ಉಳಿಯಿತು, ಹುಡೇವಿನ ಮಣ್ಣು ಹೊಲದಲ್ಲಿ ಉಳಿಯುವುದಿಲ್ಲ. ರಾಷ್ಟ್ರೀಯ ಸ್ಮಾರಕಗಳಿಗೆ 1958ರ ಕಾಯದೆ ಇದೆ, ನಮ್ಮ ರಾಜ್ಯದ ಸ್ಮಾರಕಗಳಿಗೆ 1961ರ ಕಾಯದೆ ಇದೆ. ಗುಡಿಗಳಿಗೂ ಕೋಟೆಗಳಿಗೂ ಅವುಗಳ ನೆರಳು ಸಿಕ್ಕಿದೆ. ಹಳ್ಳಿಯ ಹುಡೇವಿಗೆ ಸಿಕ್ಕಿದ್ದು ತೀರ ಅಪರೂಪ.

ಆದ್ದರಿಂದ ಮುಂದಿನ ಸಲ ಆ ದಾರಿಯಲ್ಲಿ ಹೋದಾಗ, ಅಥವಾ ಅದು ನಿಮ್ಮದೇ ಊರಾಗಿದ್ದರೆ ಒಂದು ರವಿವಾರ, ಹಗ್ಗ ಹಿಡಿದು ಬುಡದ ಸುತ್ತಳತೆ ತೆಗೆದುಕೊಳ್ಳಿ. ಎತ್ತರ ಬರೆದುಕೊಳ್ಳಿ. ಕಿಂಡಿಗಳು ಎಷ್ಟು, ಯಾವ ದಿಕ್ಕಿಗೆ, ಅವುಗಳಲ್ಲಿ ಓಣಿಗೆ ಮುಖ ಮಾಡಿದವು ಎಷ್ಟು ಎಂದು ಎಣಿಸಿ. ಗೋಡೆಯಲ್ಲಿ ಕೆತ್ತನೆಯ ಕಲ್ಲಿದ್ದರೆ ಬೆಳಗಿನ ಓರೆ ಬಿಸಿಲಿನಲ್ಲಿ ಚಿತ್ರ ತೆಗೆಯಿರಿ, ಅಕ್ಷರವಿದ್ದರೆ ಸುಣ್ಣ ಬಳಿಯದಿರಿ. ಮೇಲೆ ಹತ್ತುವ ಸಾಹಸ ಮಾತ್ರ ಬೇಡ, ಒಳಗೆ ಇಲಿ ಹೆಗ್ಗಣ ತೋಡಿ ಪೊಳ್ಳಾಗಿರುತ್ತದೆ. ಊರಲ್ಲಿ ಎಂಬತ್ತು ದಾಟಿದವರಿದ್ದರೆ ಅವರ ಬಾಲ್ಯದಲ್ಲಿ ಅದು ಎಷ್ಟು ಎತ್ತರವಿತ್ತೆಂದು ಕೇಳಿ ಬರೆದಿಡಿ. ಹುಡೇವನ್ನು ಕೆಡಹುವುದು ವೈರಿಯಲ್ಲ, ತಲೆಯ ಮೇಲೆ ನಿಲ್ಲುವ ಮಳೆನೀರು ಮತ್ತು ಸಂದಿಯಲ್ಲಿ ಹುಟ್ಟಿದ ಅರಳಿಯ ಸಸಿ. ಸಸಿ ಬೆರಳು ಗಾತ್ರವಿದ್ದಾಗಲೇ ಕೀಳಿಸಬೇಕು. ಮೇಲ್ಮುದ್ದೆಯ ಮನೆಗೆ ಮಿರಗದ ಮಳೆಗೆ ಮುಂಚೆ ಮಾಡುವಂತೆ ಕುಸಿಯದೆ ಗಟ್ಟಿಯಿರುವ ಹುಡೇವಿನ ತಲೆಯ ಮೇಲೂ ಸವಳು ಮಣ್ಣು ಹಾಸಿ, ನೀರು ಹರಿದು ಹೋಗಲು ಒಂದು ಕಡೆ ಇಳಿಜಾರು ಕೊಡಬೇಕು. ಏಣಿ ಕಟ್ಟಿ ಜೋಪಾನವಾಗಿ ಮಾಡಬಲ್ಲ ಉಪ್ಪಾರರೋ ಗೌಂಡಿಗಳೋ ನಾಲ್ಕು ಆಳು ಇದ್ದರೆ ಅದು ಒಂದು ದಿನದ ಕೆಲಸ.